ಬೇರೆ ಬೇರೆ ವರ್ಷಗಳ ರೇಸ್ ಕುದುರೆಗಳ ವೇಗವನ್ನು ಹೋಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಸೋದರಮಾವ ಕುಂದಾಪುರದಿಂದ ಮುಂಬೈಗೆ ಬಂದು, ಗ್ರ್ಯಾಂಟ್ ರೋಡಿನ ಒಂದು ಹೋಟೆಲಿನ ಗಲ್ಲಾದ ಮುಂದೆ ಮೂವತ್ತು ವರ್ಷ ಕೂತವರು. ಭಾನುವಾರ ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಬಿಳಿ ಅಂಗಿ ಹಾಕಿಕೊಂಡು ಮಹಾಲಕ್ಷ್ಮಿ ರೇಸ್ ಕೋರ್ಸಿಗೆ ಹೊರಡುತ್ತಿದ್ದರು. ಹಣ ಕಟ್ಟಿದ್ದು ಕಡಿಮೆ, ನೋಡಿದ್ದು ಹೆಚ್ಚು. ಪ್ರತಿ ಓಟದ ಸಮಯವನ್ನು ರೇಸ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಆ ಪುಸ್ತಕಗಳ ಕಟ್ಟು ಈಗ ನನ್ನ ಬಳಿ ಇದೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ಹೆಚ್ಚಿನ ಹೊತ್ತು ಅವುಗಳ ಜೊತೆಯಲ್ಲೇ ಕಳೆಯುತ್ತದೆ. ಮಾಟುಂಗದಲ್ಲಿ ಕಾಫಿಗೆ ಸೇರುವ ಗೆಳೆಯರು, ಪುಣೆಯಿಂದ ಫೋನ್ ಮಾಡುವ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಯಾವ ಕುದುರೆ ವೇಗದ್ದು ಎಂದು ತಿಳಿಯಲು ಅದು ಓಡಿದ ಸಮಯ ನೋಡಿದರೆ ಸಾಲದೇ?

ಸಾಲದು. ಎಲ್ಲರೂ ಮೊದಲು ಎಡವುವುದು ಇಲ್ಲಿಯೇ. ಎರಡೂವರೆ ನಿಮಿಷ ಎಂಬ ಒಂದು ಅಂಕಿಯೊಳಗೆ ಕುದುರೆಯ ಕಾಲಿನ ಬಲ ಮಾತ್ರ ಇರುವುದಿಲ್ಲ. ಅಂದಿನ ಹುಲ್ಲು, ಹಿಂದಿನ ರಾತ್ರಿ ಬಿಟ್ಟ ನೀರು, ಬೀಸಿದ ಗಾಳಿ, ಒಳಬೇಲಿಯನ್ನು ಎಷ್ಟು ಹೊರಕ್ಕೆ ಸರಿಸಿದ್ದರು, ಮುಂದಿದ್ದ ಜಾಕಿ ಎಷ್ಟು ಅವಸರ ಮಾಡಿದ, ಬೆನ್ನ ಮೇಲೆ ಎಷ್ಟು ತೂಕವಿತ್ತು, ಎಲ್ಲವೂ ಬೆರೆತಿರುತ್ತವೆ. ಅದರಲ್ಲಿ ಕುದುರೆಯ ಪಾಲೆಷ್ಟು, ದಿನದ ಪಾಲೆಷ್ಟು ಎಂದು ಬೇರ್ಪಡಿಸಿದ ಮೇಲೆಯೇ ಹೋಲಿಕೆಯ ಮಾತು.

ಬ್ಯಾಂಕಿನವನಾದ ನನಗೆ ಇದು ಸಂಬಳದ ಲೆಕ್ಕದಂತೆ ಕಾಣುತ್ತದೆ. 1977ರ ಸಂಬಳವನ್ನೂ ಇಂದಿನ ಸಂಬಳವನ್ನೂ ಪಕ್ಕಪಕ್ಕ ಇಟ್ಟು ಇವನೇ ಸಿರಿವಂತ ಎಂದು ಯಾರೂ ಹೇಳುವುದಿಲ್ಲ. ಅಕ್ಕಿಯ ಬೆಲೆ, ಬಾಡಿಗೆ ಎಲ್ಲ ನೋಡಿ, ಸೂಚ್ಯಂಕ ಹಿಡಿದು ತುಟ್ಟಿಭತ್ಯೆ ಲೆಕ್ಕ ಹಾಕುತ್ತೇವೆ. ಪ್ರತಿ ರೇಸ್ ದಿನಕ್ಕೂ ಅಂಥದೊಂದು ತುಟ್ಟಿಭತ್ಯೆ ಇದೆ.

ಒಂದೇ ಕುದುರೆ ಮುಂಬೈಯಲ್ಲಿ ಒಂದು ಬಗೆ, ಪುಣೆಯಲ್ಲಿ ಇನ್ನೊಂದು ಬಗೆ ಓಡುವುದೇಕೆ?

ಮುಂಬೈಯ ಋತು ನವೆಂಬರಿನಿಂದ ಏಪ್ರಿಲ್‌ವರೆಗೆ. ಮಳೆ ಇಲ್ಲ, ನೆಲ ಗಟ್ಟಿ, ನೀರು ಬಿಡುವುದು ಮನುಷ್ಯರ ಕೈಯಲ್ಲಿ. ಪುಣೆಯ ಋತು ಜುಲೈಯಿಂದ ಅಕ್ಟೋಬರ್‌ವರೆಗೆ, ಅಂದರೆ ಮಳೆಗಾಲದ ನಡುಮಧ್ಯೆ. ಆಷಾಢದ ಜಿಟಿಜಿಟಿ ಮಳೆ ನಾಲ್ಕು ದಿನ ಹಿಡಿದರೆ ಹುಲ್ಲಿನ ಕೆಳಗಿನ ಮಣ್ಣು ಗೊರಸನ್ನು ಹಿಡಿದುಕೊಳ್ಳುತ್ತದೆ. ಪ್ರತಿ ಹೆಜ್ಜೆಗೂ ಕಾಲನ್ನು ಕಿತ್ತು ತೆಗೆಯಬೇಕು. ಗಟ್ಟಿ ನೆಲದಲ್ಲಿ ಚಿಮ್ಮುವ ಕುದುರೆ ಅಲ್ಲಿ ಸೋಲುತ್ತದೆ, ಹೆಜ್ಜೆ ಭಾರವಾದ ಕುದುರೆ ಗೆಲ್ಲುತ್ತದೆ.

ನೆಲದ ಮೆತುವನ್ನು ಅಳೆಯಲು ಪೆನೆಟ್ರೋಮೀಟರ್ ಎಂಬ ಸಾಧನವಿದೆ. ಒಂದು ಭಾರವನ್ನು ಗೊತ್ತಾದ ಎತ್ತರದಿಂದ ಬಿಟ್ಟಾಗ ಅದರ ಕಡ್ಡಿ ಮಣ್ಣಿನೊಳಗೆ ಎಷ್ಟು ಇಳಿಯುತ್ತದೆ ಎಂಬುದೇ ಅದರ ಅಂಕಿ. ಅಂಕಿ ಹೆಚ್ಚಿದಷ್ಟೂ ನೆಲ ಮೆತು. ರೇಸ್ ದಿನ ಈ ಅಂಕಿಯನ್ನು ಪ್ರಕಟಿಸುತ್ತಾರೆ, ಆದರೆ ಹೆಚ್ಚಿನವರು ಅದನ್ನು ಓದದೆ ಪುಟ ತಿರುಗಿಸುತ್ತಾರೆ. ದಯವಿಟ್ಟು ಓದಿ. ಸಮಯ ಬರೆದುಕೊಳ್ಳುವವರು ಅದರ ಪಕ್ಕದಲ್ಲೇ ಈ ಅಂಕಿಯನ್ನೂ ಬರೆದುಕೊಳ್ಳಬೇಕು. ಇಲ್ಲವಾದರೆ ಹತ್ತು ವರ್ಷದ ಬಳಿಕ ನಿಮ್ಮ ಪುಸ್ತಕದಲ್ಲಿ ಉಳಿಯುವುದು ಅರ್ಧ ಮಾತು ಮಾತ್ರ.

ಹಳೆಯ ಸಮಯಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಕೈಯಲ್ಲಿ ಹಿಡಿದು ಒತ್ತುವ ಗಡಿಯಾರದ ಕಾಲದ ಸಮಯಗಳನ್ನು ಗೌರವದಿಂದ, ಆದರೆ ಸಡಿಲವಾಗಿ ಹಿಡಿಯಬೇಕು. ಆಗ ಸೆಕೆಂಡಿನ ಐದನೇ ಒಂದು ಭಾಗದವರೆಗೆ ಮಾತ್ರ ಬರೆಯುತ್ತಿದ್ದರು. ಓಡುವ ಕುದುರೆ ಆ ಐದನೇ ಒಂದು ಭಾಗದಲ್ಲಿ ಮೂರು ಮೀಟರಿಗಿಂತ ಹೆಚ್ಚು ದೂರ ಹೋಗುತ್ತದೆ. ಅದು ಒಂದು ಕುದುರೆಯ ಉದ್ದಕ್ಕಿಂತ, ಅಂದರೆ ಒಂದು ಲೆಂತ್‌ಗಿಂತ ಹೆಚ್ಚು.

ಸಮಯ ಹಿಡಿಯುವುದರಲ್ಲಿ ನಾನೂ ತಪ್ಪು ಮಾಡಿದ್ದೇನೆ. ಮೊದಲ ಕೆಲವು ವರ್ಷ ಓಟ ಶುರುವಾಗುವ ಗೇಟ್ ತೆರೆದದ್ದನ್ನು ಕಣ್ಣಿನಿಂದ ನೋಡದೆ, ಸದ್ದು ಕೇಳಿ ಗಡಿಯಾರ ಒತ್ತುತ್ತಿದ್ದೆ. ಗೇಟ್ ಆರುನೂರು ಮೀಟರ್ ದೂರದಲ್ಲಿದ್ದರೆ ಸದ್ದು ನನ್ನನ್ನು ಮುಟ್ಟಲು ಒಂದೂಮುಕ್ಕಾಲು ಸೆಕೆಂಡ್ ಬೇಕು. ನನ್ನ ಪುಸ್ತಕದಲ್ಲಿ ಎಲ್ಲ ಕುದುರೆಗಳೂ ಹತ್ತು ಲೆಂತ್ ಹೆಚ್ಚು ವೇಗದವಾಗಿದ್ದವು. ಒಂದು ದಿನ ಮಾವನ ಅಂಕಿಗಳೊಡನೆ ಹೋಲಿಸಿದಾಗ ಗೊತ್ತಾಗಿ, ಎರಡು ಋತುಗಳ ಬರಹವನ್ನು ಪೂರ್ತಿ ಹೊಡೆದುಹಾಕಬೇಕಾಯಿತು.

ದೊಡ್ಡ ಓಟಗಳಲ್ಲೂ ಹೀಗಾಗಿದೆ. 1973ರಲ್ಲಿ ಅಮೆರಿಕದ ಪ್ರೀಕ್‌ನೆಸ್ ಓಟವನ್ನು ಸೆಕ್ರೆಟೇರಿಯಟ್ ಎಂಬ ಕುದುರೆ ಗೆದ್ದಾಗ ಅಲ್ಲಿನ ವಿದ್ಯುತ್ ಗಡಿಯಾರ ತಪ್ಪು ತೋರಿಸಿತು. ಆ ಕುದುರೆಯ ನಿಜವಾದ ಸಮಯ 1 ನಿಮಿಷ 53 ಸೆಕೆಂಡ್ ಎಂದು ಹಳೆಯ ಚಿತ್ರೀಕರಣಗಳನ್ನು ಪರಿಶೀಲಿಸಿ ಅಧಿಕೃತವಾಗಿ ತಿದ್ದಿದ್ದು 2012ರಲ್ಲಿ. ಓಟ ಮುಗಿದು 39 ವರ್ಷ ಕಳೆದ ಮೇಲೆ ಅದು ದಾಖಲೆಯಾಯಿತು. ಕುದುರೆ ಸತ್ತೇ 23 ವರ್ಷ ಆಗಿತ್ತು. ಈ ಸಂಗತಿ ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಅಷ್ಟು ವರ್ಷ ಪಟ್ಟು ಬಿಡದೆ ಕೇಳುತ್ತಲೇ ಇದ್ದವರಿಗೆ ನಮಸ್ಕಾರ.

ಟೋಕಿಯೋದಲ್ಲಿ 2400 ಮೀಟರನ್ನು 2 ನಿಮಿಷ 20.6 ಸೆಕೆಂಡಿನಲ್ಲಿ ಓಡಿದ್ದಾರೆ. ಹಾಗಾದರೆ ಇಂಗ್ಲೆಂಡಿನ ಡರ್ಬಿ ಕುದುರೆಗಳು ನಿಧಾನವೇ?

2018ರ ಜಪಾನ್ ಕಪ್‌ನಲ್ಲಿ ಆಲ್ಮಂಡ್ ಐ ಎಂಬ ಮೂರು ವರ್ಷದ ಹೆಣ್ಣು ಕುದುರೆ ಆ ಸಮಯ ಮಾಡಿತು. ಸರಾಸರಿ ಗಂಟೆಗೆ 61 ಕಿಲೋಮೀಟರಿಗಿಂತ ಹೆಚ್ಚು. ಇಂಗ್ಲೆಂಡಿನ ಎಪ್ಸಮ್‌ನಲ್ಲಿ ನಡೆಯುವ ಡರ್ಬಿಯ, ಅಂದರೆ ಮೂರು ವರ್ಷದ ಕುದುರೆಗಳ ದೊಡ್ಡ ಓಟದ, ದಾಖಲೆ 2010ರಲ್ಲಿ ವರ್ಕ್‌ಫೋರ್ಸ್ ಮಾಡಿದ 2 ನಿಮಿಷ 31.33 ಸೆಕೆಂಡ್. ದೂರ ಹೆಚ್ಚುಕಡಿಮೆ ಅಷ್ಟೇ, ಎಪ್ಸಮ್‌ನದು ಇಪ್ಪತ್ತು ಮೀಟರಿನಷ್ಟು ಜಾಸ್ತಿ. ಸರಾಸರಿ 57 ಕಿಲೋಮೀಟರ್ ಚಿಲ್ಲರೆ.

ಈ ಹತ್ತು ಸೆಕೆಂಡಿನ ಅಂತರ ಕುದುರೆಗಳ ನಡುವಿನದಲ್ಲ, ನೆಲಗಳ ನಡುವಿನದು. ಎಪ್ಸಮ್‌ನಲ್ಲಿ ಮೊದಲು ಏರು, ಆಮೇಲೆ ಟ್ಯಾಟನ್‌ಹ್ಯಾಮ್ ತಿರುವಿನವರೆಗೆ ಇಳಿಜಾರು. ಇಳಿಯುತ್ತಲೇ ತಿರುಗಬೇಕು. ಕೊನೆಯಲ್ಲಿ ನೆಲ ಅಡ್ಡಕ್ಕೂ ವಾಲಿರುತ್ತದೆ. ನಮ್ಮ ಆಗುಂಬೆ ಘಾಟಿಯಲ್ಲಿ ಬಸ್ ಓಡಿಸುವವನನ್ನು ಬಯಲುಸೀಮೆಯ ಹೆದ್ದಾರಿಯ ಚಾಲಕನೊಡನೆ ಗಂಟೆ ನೋಡಿ ಹೋಲಿಸಿದರೆ ಹೇಗೆ? ಟೋಕಿಯೋದ ನೆಲ ಗಟ್ಟಿ, ತಿರುವುಗಳು ಅಗಲ. ಆಲ್ಮಂಡ್ ಐ ಹೊತ್ತದ್ದು 53 ಕಿಲೋ ಮಾತ್ರ. ಮುಂದೆ ಓಡಿದ ಕುದುರೆಯೂ ಆರಂಭದಿಂದಲೇ ಬಿರುಸಾಗಿ ಓಡಿತ್ತು.

ಬೇರೆ ಬೇರೆ ರೇಸ್ ಕೋರ್ಸುಗಳ ಸಮಯಗಳನ್ನು ನೇರವಾಗಿ ಎಂದೂ ಹೋಲಿಸಬೇಡಿ. ನಮ್ಮಲ್ಲೇ ಬೆಂಗಳೂರು, ಮೈಸೂರು, ಮಹಾಲಕ್ಷ್ಮಿ ಒಂದೊಂದೂ ಬೇರೆ.

ಕಂಬಳದ ಓಟಗಾರ ಬೋಲ್ಟ್‌ನನ್ನು ಮೀರಿಸಿದ ಎನ್ನುತ್ತಾರಲ್ಲ?

ಊರಿನವನಾದ್ದರಿಂದ ಇದನ್ನು ನನಗೆ ಬಹಳ ಮಂದಿ ಕೇಳುತ್ತಾರೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಅದನ್ನು ಭಾಗಿಸಿ 100 ಮೀಟರಿಗೆ 9.55 ಸೆಕೆಂಡ್ ಎಂದರು. ಉಸೇನ್ ಬೋಲ್ಟ್‌ನ 9.58ಕ್ಕಿಂತ ಕಡಿಮೆ! ದೇಶವಿಡೀ ಸುದ್ದಿ.

ಗೌಡರ ಸಾಹಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಮೊಣಕಾಲ ತನಕ ಕೆಸರು, ಕೈಯಲ್ಲಿ ಹಗ್ಗ. ಆದರೆ ಆ ಭಾಗಾಕಾರ ತಪ್ಪು. ಮುಂದೆ ಒಂದು ಜೊತೆ ಕೋಣ ಎಳೆಯುತ್ತಿರುತ್ತವೆ. ಬೋಲ್ಟ್‌ನ 9.58ರಲ್ಲಿ ನಿಂತ ನಿಲುವಿನಿಂದ ವೇಗ ಹಿಡಿಯುವ ಮೊದಲ ಹೆಜ್ಜೆಗಳ ವೆಚ್ಚ ಪೂರ್ತಿ ಸೇರಿದೆ. 142 ಮೀಟರಿಗೆ ಆ ವೆಚ್ಚವನ್ನು ಹಂಚಿದರೆ ಪ್ರತಿ ಮೀಟರಿಗೆ ಬೀಳುವ ಪಾಲು ಕಡಿಮೆ. ಕುದುರೆಗಳಲ್ಲೂ ಇದೇ ತಪ್ಪನ್ನು ದಿನಾ ಮಾಡುತ್ತೇವೆ. ವಿನ್ನಿಂಗ್ ಬ್ರ್ಯೂ ಎಂಬ ಎರಡು ವರ್ಷದ ಹೆಣ್ಣು ಕುದುರೆ 2008ರಲ್ಲಿ ಎರಡು ಫರ್ಲಾಂಗನ್ನು, ಅಂದರೆ ಸುಮಾರು 400 ಮೀಟರನ್ನು, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಓಡಿದ ದಾಖಲೆ ಇದೆ. ಅದನ್ನು 2400 ಮೀಟರಿಗೆ ಗುಣಿಸಿದರೆ ಬರುವ ಸಮಯವನ್ನು ಯಾವ ಕುದುರೆಯೂ ಓಡಲಾರದು.

ಸರಿ, ಹಾಗಾದರೆ ದಿನದ ಪಾಲನ್ನು ಕಳೆಯುವುದು ಹೇಗೆ? ಲೆಕ್ಕ ಹೇಳಿಕೊಡಿ.

ಕಷ್ಟವೇನಿಲ್ಲ, ತಾಳ್ಮೆ ಬೇಕು. ಮೊದಲು ಒಂದೇ ರೇಸ್ ಕೋರ್ಸಿನ ಒಂದೊಂದು ದೂರಕ್ಕೂ ವಾಡಿಕೆಯ ಸಮಯ ಎಷ್ಟು ಎಂದು ಗೊತ್ತುಮಾಡಿಕೊಳ್ಳಿ. ಹಲವು ವರ್ಷಗಳ, ಒಂದೇ ದರ್ಜೆಯ ಓಟಗಳ ಸಮಯಗಳನ್ನು ಸಾಲಾಗಿ ಬರೆದು ನಟ್ಟನಡುವಿನದನ್ನು ಆರಿಸಿ. ಸರಾಸರಿ ತೆಗೆಯಬೇಡಿ, ಮಳೆ ಬಿದ್ದ ಒಂದೇ ಒಂದು ದಿನ ಸರಾಸರಿಯನ್ನು ಕೆಡಿಸಿಬಿಡುತ್ತದೆ.

ಆಮೇಲೆ ನಿಮಗೆ ಬೇಕಾದ ದಿನವನ್ನು ತೆಗೆದುಕೊಳ್ಳಿ. ಅಂದು ನಡೆದ ಏಳೆಂಟು ಓಟಗಳಲ್ಲಿ ಪ್ರತಿಯೊಂದೂ ವಾಡಿಕೆಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ನೋಡಿ, ಅದನ್ನು 1000 ಮೀಟರಿಗೆ ಇಳಿಸಿ. ಆ ವ್ಯತ್ಯಾಸಗಳಲ್ಲೂ ನಡುವಿನದನ್ನು ಹಿಡಿಯಿರಿ. ಅದೇ ಆ ದಿನದ ತುಟ್ಟಿಭತ್ಯೆ. ಒಂದು ಎಚ್ಚರಿಕೆ: ನೀವು ಅಳೆಯಹೊರಟ ಕುದುರೆಯ ಓಟವನ್ನು ಈ ಲೆಕ್ಕದಿಂದ ಹೊರಗಿಡಿ. ಇಲ್ಲವಾದರೆ ಅದರ ವೇಗವೇ ದಿನದ ವೇಗವೆಂದು ಎಣಿಕೆಯಾಗಿ, ಅದಕ್ಕೆ ಸಲ್ಲಬೇಕಾದದ್ದು ಕಡಿಮೆಯಾಗುತ್ತದೆ.

ಒಂದು ಕಲ್ಪಿತ ಉದಾಹರಣೆ. ಒಂದು ಕುದುರೆ 2400 ಮೀಟರನ್ನು 2 ನಿಮಿಷ 30 ಸೆಕೆಂಡಿನಲ್ಲಿ ಓಡಿತು, ಅಂದಿನ ನೆಲ 1000 ಮೀಟರಿಗೆ ಅರ್ಧ ಸೆಕೆಂಡ್ ನಿಧಾನವಿತ್ತು. 2400 ಮೀಟರಿಗೆ 1.2 ಸೆಕೆಂಡ್ ಕಳೆದರೆ 2 ನಿಮಿಷ 28.8. ಇನ್ನೊಂದು ವರ್ಷ ಇನ್ನೊಂದು ಕುದುರೆ 2 ನಿಮಿಷ 29.4ರಲ್ಲಿ ಓಡಿತು, ಆದರೆ ಅಂದಿನ ನೆಲ 1000 ಮೀಟರಿಗೆ 0.3 ಸೆಕೆಂಡ್ ವೇಗದ್ದು. 0.7 ಕೂಡಿಸಿದರೆ 2 ನಿಮಿಷ 30.1. ಗಡಿಯಾರದಲ್ಲಿ ಹಿಂದಿದ್ದ ಮೊದಲ ಕುದುರೆ ಈಗ 1.3 ಸೆಕೆಂಡ್ ಮುಂದಿದೆ. ಸೆಕೆಂಡಿಗೆ ಆರೂವರೆ ಲೆಂತ್ ಹಿಡಿದರೆ ಎಂಟು ಲೆಂತ್‌ಗಳ ಅಂತರ!

ಹತ್ತಿಪ್ಪತ್ತು ವರ್ಷದ ಅಂತರವಿದ್ದರೂ ಈ ಲೆಕ್ಕ ನಡೆಯುತ್ತದೆಯೇ?

ನೇರವಾಗಿ ನಡೆಯುವುದಿಲ್ಲ, ಏಕೆಂದರೆ ವಾಡಿಕೆಯ ಸಮಯವೇ ನಿಧಾನವಾಗಿ ಜರುಗುತ್ತದೆ. ಹುಲ್ಲು ಬದಲಾಗುತ್ತದೆ, ಮಣ್ಣು ಹೊಸದಾಗಿ ಹಾಕುತ್ತಾರೆ, ನೀರು ಬಿಡುವ ಕ್ರಮ ಬದಲಾಗುತ್ತದೆ. ಆ ವರ್ಷದ ಕುದುರೆಗಳೆಲ್ಲ ಸಾಧಾರಣವಾಗಿದ್ದು ಸಮಯ ಹೆಚ್ಚಾಯಿತೋ, ನೆಲವೇ ನಿಧಾನವಾಗಿ ಹೆಚ್ಚಾಯಿತೋ ಹೇಳುವುದು ಹೇಗೆ?

ಇದಕ್ಕೆ ಇರುವ ದಾರಿ ನನಗೆ ಈ ಇಡೀ ವಿದ್ಯೆಯಲ್ಲಿ ಅತಿ ಪ್ರಿಯವಾದದ್ದು. ಡರ್ಬಿ ಗೆದ್ದ ಕುದುರೆಗಳು ಬೇಗ ನಿವೃತ್ತಿಯಾಗುತ್ತವೆ, ಅವುಗಳಿಂದ ಉಪಯೋಗವಿಲ್ಲ. ಆದರೆ ನಾಲ್ಕು, ಐದು, ಆರು ವರ್ಷದವರೆಗೆ ತಪ್ಪದೆ ಓಡುವ ಮಧ್ಯಮ ದರ್ಜೆಯ ಕುದುರೆಗಳಿವೆ. ಹೆಸರು ಯಾರಿಗೂ ನೆನಪಿಲ್ಲ, ಪತ್ರಿಕೆಯಲ್ಲಿ ಚಿತ್ರ ಬಂದಿಲ್ಲ. ಅವು ಈ ವರ್ಷದ ಚಾಂಪಿಯನ್ ಜೊತೆಗೂ ಮುಂದಿನ ವರ್ಷದ ಚಾಂಪಿಯನ್ ಜೊತೆಗೂ ಒಂದೇ ನೆಲದಲ್ಲಿ ಓಡಿರುತ್ತವೆ. ವಯಸ್ಸಿನೊಡನೆ ಅವು ಎಷ್ಟು ಕುಗ್ಗುತ್ತವೆ ಎಂಬುದನ್ನು ನೂರಾರು ಕುದುರೆಗಳನ್ನು ನೋಡಿ ತಿಳಿದುಕೊಂಡರೆ, ಅವನ್ನು ಕೊಂಡಿಯಾಗಿಟ್ಟು ಒಂದು ವರ್ಷವನ್ನು ಇನ್ನೊಂದಕ್ಕೆ ಬೆಸೆಯಬಹುದು. ಹೀಗೆ ವರ್ಷದಿಂದ ವರ್ಷಕ್ಕೆ ಸರಪಳಿ. ಒಂದೊಂದು ಕೊಂಡಿಯಲ್ಲೂ ಸ್ವಲ್ಪ ತಪ್ಪು ಇರುತ್ತದೆ, ಇಪ್ಪತ್ತು ಕೊಂಡಿ ದಾಟುವಷ್ಟರಲ್ಲಿ ಆ ತಪ್ಪು ದೊಡ್ಡದಾಗುತ್ತದೆ. ಅದಕ್ಕೇ ಐದು ವರ್ಷದ ಹೋಲಿಕೆಯನ್ನು ಧೈರ್ಯದಿಂದ ಹೇಳುತ್ತೇನೆ, ಮೂವತ್ತು ವರ್ಷದ್ದನ್ನು ಅಳುಕಿನಿಂದ.

ತೂಕದ ಲೆಕ್ಕ?

ರೂಢಿಯಲ್ಲಿ 2400 ಮೀಟರಿಗೆ ಅರ್ಧದಿಂದ ಮುಕ್ಕಾಲು ಕಿಲೋ ಒಂದು ಲೆಂತ್‌ಗೆ ಸಮ. ಸ್ಪ್ರಿಂಟ್‌ಗಳಲ್ಲಿ, ಅಂದರೆ ಕಡಿಮೆ ದೂರದ ಓಟಗಳಲ್ಲಿ, ಒಂದು ಲೆಂತ್‌ಗೆ ಸುಮಾರು ಒಂದೂವರೆ ಕಿಲೋ. ಡರ್ಬಿಗಳಲ್ಲಿ ಗಂಡು ಕುದುರೆಗಳೆಲ್ಲ ಒಂದೇ ತೂಕ ಹೊರುವುದರಿಂದ ಅಲ್ಲಿ ಈ ತಲೆನೋವು ಕಡಿಮೆ.

ಸಮಯ ಸಾಧಾರಣವಾಗಿದ್ದರೂ ಕುದುರೆ ಶ್ರೇಷ್ಠವಾಗಿರಬಹುದೇ?

ಖಂಡಿತ. ಎಲ್ಲ ಜಾಕಿಗಳೂ ಒಬ್ಬರ ಮುಖ ಒಬ್ಬರು ನೋಡುತ್ತ ಮೊದಲ 1600 ಮೀಟರನ್ನು ತಣ್ಣಗೆ ಕಳೆದರೆ, ಕೊನೆಯ 800ರಲ್ಲಿ ಎಷ್ಟು ಹಾರಿದರೂ ಕಳೆದ ಸಮಯ ಹಿಂದೆ ಬರುವುದಿಲ್ಲ. ಅಂಥ ಓಟಗಳಲ್ಲಿ ಒಟ್ಟು ಸಮಯವನ್ನು ಬದಿಗಿಟ್ಟು ತುಂಡು ತುಂಡು ಸಮಯ ನೋಡಬೇಕು.

1973ರ ಕೆಂಟಕಿ ಡರ್ಬಿಯಲ್ಲಿ ಸೆಕ್ರೆಟೇರಿಯಟ್‌ನ ಐದು ಕಾಲುಮೈಲಿಗಳ ಸಮಯ ಕ್ರಮವಾಗಿ 25.2, 24, 23.8, 23.4, 23 ಸೆಕೆಂಡ್. ಒಟ್ಟು 1 ನಿಮಿಷ 59.4, ಇಂದಿಗೂ ಅದೇ ದಾಖಲೆ. ಒಟ್ಟು ಸಮಯವನ್ನು ಮರೆತು ಆ ಐದು ಅಂಕಿಗಳನ್ನು ಇನ್ನೊಮ್ಮೆ ಓದಿ. ದಣಿಯಬೇಕಾದ ಕಡೆ ಕುದುರೆ ಇನ್ನಷ್ಟು ವೇಗ ಪಡೆಯುತ್ತ ಹೋಗಿದೆ. ಸಾಮಾನ್ಯ ಕುದುರೆಗಳಲ್ಲಿ ಈ ಸಾಲು ತಲೆಕೆಳಗಾಗಿರುತ್ತದೆ.

ಹಾಗಾದರೆ ಸೆಕ್ರೆಟೇರಿಯಟ್ ಎಲ್ಲ ಕಾಲದ ಶ್ರೇಷ್ಠವೇ?

ಮಣ್ಣಿನ ನೆಲದ ಕುದುರೆಗಳಲ್ಲಿ ನನ್ನ ಮಟ್ಟಿಗೆ ಹೌದು. ಅದೇ ವರ್ಷದ ಬೆಲ್ಮಾಂಟ್ ಓಟವನ್ನು ಅದು 31 ಲೆಂತ್ ಅಂತರದಲ್ಲಿ, ಒಂದೂವರೆ ಮೈಲಿಗೆ 2 ನಿಮಿಷ 24 ಸೆಕೆಂಡಿನಲ್ಲಿ ಗೆದ್ದಿತು. ಅರ್ಧ ಶತಮಾನ ದಾಟಿದರೂ ಆ ಸಮಯವನ್ನು ಬೇರೆ ಕುದುರೆ ಮೀರಿಲ್ಲ. ಆದರೆ ಹುಲ್ಲಿನ ನೆಲದಲ್ಲಿ ಓಡಿದ ಇಂಗ್ಲೆಂಡಿನ ಕುದುರೆ ಫ್ರಾಂಕೆಲ್‌ನನ್ನು ಅದರ ಪಕ್ಕ ನಿಲ್ಲಿಸಿ ಅಳೆಯುವ ಕೋಲು ನನ್ನ ಬಳಿ ಇಲ್ಲ.

ರೇಟಿಂಗ್‌ಗಳಿವೆಯಲ್ಲ, ಅವನ್ನೇ ನಂಬಿದರೆ ಆಗದೇ?

ರೇಟಿಂಗ್ ಬರುವುದು ಮುಖ್ಯವಾಗಿ ಯಾರು ಯಾರನ್ನು ಎಷ್ಟು ಅಂತರದಲ್ಲಿ ಸೋಲಿಸಿದರು ಎಂಬುದರಿಂದ. ಇಂಗ್ಲೆಂಡಿನ ರೇಟಿಂಗ್ ಸಂಸ್ಥೆ ಟೈಮ್‌ಫಾರ್ಮ್ ಫ್ರಾಂಕೆಲ್‌ಗೆ 147 ಕೊಟ್ಟಿತು, 1965ರ ಸೀ ಬರ್ಡ್‌ಗೆ ಕೊಟ್ಟ 145ಕ್ಕಿಂತ ಹೆಚ್ಚು. ಫ್ರಾಂಕೆಲ್ ಓಡಿದ 14 ಓಟಗಳನ್ನೂ ಗೆದ್ದಿತ್ತು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಮಾತ್ರ ಒಂದು ತೊಡಕು ಎದುರಾಯಿತು. 1986ರ ಡ್ಯಾನ್ಸಿಂಗ್ ಬ್ರೇವ್‌ಗೆ ಹಿಂದೆ 141 ಕೊಟ್ಟಿದ್ದರು, ಫ್ರಾಂಕೆಲ್‌ಗೆ ಬಂದದ್ದು 140. ಹಳೆಯ ವರ್ಷಗಳ ರೇಟಿಂಗ್‌ಗಳು ಸ್ವಲ್ಪ ಉದಾರವಾಗಿದ್ದವೆಂದು 2013ರಲ್ಲಿ ಅವನ್ನು ಮರುಲೆಕ್ಕ ಹಾಕಿ ಡ್ಯಾನ್ಸಿಂಗ್ ಬ್ರೇವ್‌ನ ಅಂಕಿಯನ್ನು 138ಕ್ಕೆ ಇಳಿಸಿದರು. ಬಹಳ ಜನ ಕೋಪಗೊಂಡರು. ಲೆಕ್ಕ ತಪ್ಪಿದ್ದರೆ ಬಹಿರಂಗವಾಗಿ ತಿದ್ದುವುದೇ ಸರಿ ಎಂಬುದು ನನ್ನ ನಿಲುವು. ವೇಗದ ಅಂಕಿ ಮತ್ತು ರೇಟಿಂಗ್ ಎರಡನ್ನೂ ಇಟ್ಟುಕೊಳ್ಳಿ. ಎರಡೂ ಒಂದೇ ಮಾತು ಹೇಳಿದರೆ ನಂಬಿ, ಬೇರೆ ಬೇರೆ ಹೇಳಿದರೆ ಆ ಓಟದ ಚಿತ್ರೀಕರಣ ಹುಡುಕಿ ನೋಡಿ.

ಒಟ್ಟಿನಲ್ಲಿ ಕುದುರೆಗಳು ವರ್ಷದಿಂದ ವರ್ಷಕ್ಕೆ ವೇಗ ಪಡೆಯುತ್ತಿವೆಯೇ?

ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಮಾರ್ಕ್ ಡೆನ್ನಿ ಎಂಬ ಸಂಶೋಧಕರು 2008ರಲ್ಲಿ ಅಮೆರಿಕದ ದೊಡ್ಡ ಓಟಗಳ ಸಮಯಗಳನ್ನು ನೋಡಿ, ಕೆಂಟಕಿ ಡರ್ಬಿ ಗೆಲ್ಲುವವರ ವೇಗ 1950ರ ಸುಮಾರಿನಿಂದ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ ಎಂದರು. 2015ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ಆರು ಲಕ್ಷಕ್ಕೂ ಹೆಚ್ಚು ಓಟದ ಸಮಯಗಳನ್ನು ಪರಿಶೀಲಿಸಿ, ಅಲ್ಲಿನ ಕುದುರೆಗಳು ಇನ್ನೂ ವೇಗ ಪಡೆಯುತ್ತಿವೆ, ಅದರಲ್ಲೂ ಸ್ಪ್ರಿಂಟ್‌ಗಳಲ್ಲಿ, ಎಂದರು. ಅವರು ನೆಲ ಮತ್ತು ದೂರಗಳ ವ್ಯತ್ಯಾಸವನ್ನು ಕಳೆದು ನೋಡಿದ್ದರಿಂದ ನನಗೆ ಎರಡನೆಯದರ ಮೇಲೆ ಹೆಚ್ಚು ಭರವಸೆ.

ವೇಗ ಹೆಚ್ಚಿದ್ದೆಲ್ಲ ಕುದುರೆಯದೇ ಅಲ್ಲ ಎಂಬುದನ್ನೂ ನೆನಪಿಡಿ. ಜಾಕಿಗಳು ನೆಟ್ಟಗೆ ಕೂರುವುದನ್ನು ಬಿಟ್ಟು ರಿಕಾಪು ಗಿಡ್ಡ ಮಾಡಿ ಬಗ್ಗಿ ನಿಲ್ಲಲು ಕಲಿತದ್ದು 1900ರ ಆಚೀಚೆ. ಆ ಕೆಲವೇ ವರ್ಷಗಳಲ್ಲಿ ಓಟದ ಸಮಯ ಶೇಕಡಾ 5ರಿಂದ 7ರಷ್ಟು ಇಳಿಯಿತು ಎಂದು 2009ರ ಒಂದು ಅಧ್ಯಯನ ತೋರಿಸಿದೆ. ಕುದುರೆ ಅದೇ, ಕೂರುವ ಭಂಗಿ ಬೇರೆ.

ನಮ್ಮ ಇಂಡಿಯನ್ ಡರ್ಬಿಯನ್ನು ಎಪ್ಸಮ್ ಡರ್ಬಿಯೊಡನೆ ಹೋಲಿಸಬಹುದೇ?

ಬೇಡ. ಎಪ್ಸಮ್‌ನಲ್ಲಿ ಓಡುವವು ಮೂರು ವರ್ಷದವು, ಜೂನ್ ತಿಂಗಳಲ್ಲಿ. ನಮ್ಮ ಡರ್ಬಿ ನಡೆಯುವುದು ಫೆಬ್ರವರಿಯಲ್ಲಿ, ಅಷ್ಟರಲ್ಲಿ ಕುದುರೆಗಳಿಗೆ ನಾಲ್ಕು ತುಂಬಿರುತ್ತದೆ. ಆ ವಯಸ್ಸಿನಲ್ಲಿ ಕೆಲವೇ ತಿಂಗಳು ದೊಡ್ಡ ವ್ಯತ್ಯಾಸ ಮಾಡುತ್ತವೆ.

ಈ ಲೆಕ್ಕದಿಂದ ಹಣ ಗೆಲ್ಲಬಹುದೇ?

ನಾನು ಹಣ ಕಟ್ಟುವುದಿಲ್ಲ, ಆ ಸಲಹೆಯನ್ನೂ ಕೊಡುವುದಿಲ್ಲ.

ಸ್ಕ್ವಾಂಡರರ್ ಇಂದು ಓಡಿದ್ದರೆ?

ಇದು ಮಾವನ ಪ್ರಶ್ನೆ. 1977ರಲ್ಲಿ ಇಂಡಿಯನ್ ಡರ್ಬಿ ಗೆದ್ದು, ಮೂರು ದೊಡ್ಡ ಓಟಗಳನ್ನೂ ಗೆದ್ದ ಕುದುರೆಗೆ ಸಲ್ಲುವ ತ್ರಿವಳಿ ಕಿರೀಟ ಪಡೆದ ಸ್ಕ್ವಾಂಡರರ್‌ನನ್ನು ಅವರು ಮಹಾಲಕ್ಷ್ಮಿಯ ಬೇಲಿಗೆ ಒರಗಿ ನೋಡಿದ್ದರು. ತೊಂಬತ್ತರ ದಶಕದಲ್ಲಿ ಎಲೂಸಿವ್ ಪಿಂಪರ್ನೆಲ್ ಬಂದಾಗಲೂ, 2010ರಲ್ಲಿ ಜಾಕ್ವೆಲಿನ್ ಎಂಬ ಹೆಣ್ಣು ಕುದುರೆ ಡರ್ಬಿ ಗೆದ್ದಾಗಲೂ ಅವರು ತಲೆ ಆಡಿಸುತ್ತಿದ್ದರು. "ಒಳ್ಳೆಯ ಕುದುರೆಯೇ, ಆದರೆ ನೀನು ಸ್ಕ್ವಾಂಡರರ್‌ನನ್ನು ನೋಡಿಲ್ಲ" ಎನ್ನುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಅವರ ಮಾತು ನಿಜವೋ ಅಲ್ಲವೋ ಎಂದು ಅಂಕಿಗಳಲ್ಲಿ ತೋರಿಸಬೇಕೆಂದು ನಾನು ಸರಪಳಿ ಕಟ್ಟುತ್ತಿದ್ದೇನೆ. 1977ರಿಂದ 1980ರವರೆಗಿನ ಕೊಂಡಿಗಳು ಸಿಕ್ಕಿವೆ, 1985ರಿಂದ ಈಚೆಗಿನವೂ ಇವೆ. ನಡುವಿನ ನಾಲ್ಕು ವರ್ಷಗಳ ಪುಸ್ತಕಗಳು ಗೆದ್ದಲು ಹಿಡಿದು ಹೋಗಿವೆ. 1981ರಿಂದ 1984ರವರೆಗಿನ ಮುಂಬೈಯ ರೇಸ್ ಪುಸ್ತಕಗಳು, ಅಂಚಿನಲ್ಲಿ ಸಮಯ ಬರೆದಿಟ್ಟವು, ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ಟ್ರಂಕಿನಲ್ಲೋ ಇದ್ದರೆ ರದ್ದಿಗೆ ಹಾಕಬೇಡಿ. ನಾನೇ ಬಂದು, ನಿಮ್ಮ ಮನೆಯಲ್ಲೇ ಕೂತು ನಕಲು ಮಾಡಿಕೊಂಡು ಹೋಗುತ್ತೇನೆ.